ಅತ್ತೆಯ ಸರದಿಯಲ್ಲಿ ಡಾಪ್ಲರ್

ಈ ತಿಂಗಳು ನಮ್ಮ ಮಗುವಿನ ಗರ್ಭಚೀಲವನ್ನು ಹೊಟ್ಟೆಗೆ ಕಟ್ಟಿಕೊಳ್ಳುವ ಸರದಿ ಅತ್ತೆಯದು. ಹೋದ ತಿಂಗಳು ನನ್ನ ಗಂಡ ಕಟ್ಟಿಕೊಂಡು, ಬಯಕೆಯ ನೆಪದಲ್ಲಿ ಬೋಂಡಾ ತಿಂದು, ಮಗುವಿಗಿಂತ ಹೆಚ್ಚು ತಾನೇ ಬೆಳೆದಿದ್ದ.

ಡಾಕ್ಟರ್ ಚೀಲದ ಮೇಲೆ, ರಕ್ತ ಹರಿಯುವ ಸದ್ದು ಕೇಳಿಸುವ ಡಾಪ್ಲರ್ ಆಡಿಸಿ, "ಮಗುವಿಗೆ ಊಟ ಕೊಡೋ ಮಾಸಿಗೆ ನಿಮ್ಮ ರಕ್ತ ಸರಿಯಾಗಿ ಹರೀತಿಲ್ಲ," ಅಂದರು ಅತ್ತೆಗೆ.

"ಎಲ್ಲಾ ಇವಳ ಸಪ್ಪೆ ಸಾರಿನ ಮಹಿಮೆ!" ಅತ್ತೆ ಗುಡುಗಿದರು. ತಕ್ಷಣ ಸ್ಪೀಕರಿನಲ್ಲಿ ರಕ್ತ ಭರಭರ ನುಗ್ಗಿತು.

"ಹಾಂ, ಬೈತಾ ಇರಿ!" ಅಂದರು ಡಾಕ್ಟರ್.

ಹೇಳಿಸಿಕೊಂಡು ಬೈಯುವುದು ಅತ್ತೆಗೆ ಬರುವುದಿಲ್ಲ. "ಪಾಪ, ಚಿನ್ನದಂಥ ಸೊಸೆ," ಎಂದು ಮೂಗೊರೆಸಿಕೊಂಡರು. ಸದ್ದು ಇಳಿಯಿತು.

ಬೇರೆ ದಾರಿಯಿರಲಿಲ್ಲ. "ಅತ್ತೇ, ನಮ್ಮ ಮದುವೇಲಿ ನಿಮ್ಮ ತವರಿನವರು ಲಾಡು ಕದ್ದು ಕಟ್ಕೊಂಡು ಹೋದ್ರಲ್ಲ, ಖಾಲಿಯಾಯ್ತಾ?"

ಅತ್ತೆ ಎದ್ದು ಕೂತರು. ನನ್ನ ಕಂದ ಹೊಟ್ಟೆ ತುಂಬಾ ಉಂಡಿತು.