ಮಸಿಯ ಕನ್ನಡಕ

ಡಾಕ್ಟರು ಕರುವಿನ ಊದಿದ ಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು. ಹಾಲಕ್ಕನಿಗೆ ತನ್ನ ಎದೆಯನ್ನೇ ಯಾರೋ ಒತ್ತಿದಂತಾಯಿತು.

ಕರುವಿನ ಹೆಸರು ಮಸಿ. ಹುಟ್ಟಿದಾಗ ಅಮಾವಾಸ್ಯೆಯ ಕತ್ತಲನ್ನೇ ತಿದ್ದಿ ಕರು ಮಾಡಿದಂತಿತ್ತು. ಈಗ ಮೈಯೆಲ್ಲ ತುಕ್ಕು ಹಿಡಿದ ಬಣ್ಣ. ಕಣ್ಣಿನ ಸುತ್ತ ಕೂದಲು ಬೆಳ್ಳಗಾಗಿ ಕನ್ನಡಕ ಹಾಕಿಕೊಂಡಂತೆ ಕಾಣುತ್ತಿತ್ತು. “ಕನ್ನಡಕ ಬಂತು, ಇನ್ನು ಒಂದು ಸ್ಕೂಲ್ ಬ್ಯಾಗು ತಂದುಕೊಟ್ಬಿಡು,” ಎಂದು ಗಂಡ ಮೊನ್ನೆ ತಾನೇ ಛೇಡಿಸಿದ್ದ. ಇವತ್ತು ಅವನೇ ಕರುವಿನ ಹಗ್ಗ ಹಿಡಿದು ನಿಂತಿದ್ದ.

“ರಕ್ತದ ರಿಪೋರ್ಟ್ ಬಂತು ಅಕ್ಕಾ. ತಾಮ್ರದ ಅಂಶ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ,” ಎಂದರು ಡಾಕ್ಟರು. “ಮೈಗೆ ಬೇಕಾಗೋದು ಚಿಟಿಕೆಯಲ್ಲಿ ಚಿಟಿಕೆ. ಅದೂ ಸಿಗದಿದ್ರೆ ರಕ್ತನಾಳದ ಗೋಡೆ ಸಡಿಲ ಆಗುತ್ತೆ, ಒಳಗೊಳಗೇ ಉರಿಯೂತ ಏಳುತ್ತೆ, ಆರಿಸೋಕೆ ಶಕ್ತಿ ಇರಲ್ಲ. ಹೀಗೇ ಬಿಟ್ರೆ ಒಂದಿನ ನಿಂತಲ್ಲೇ ಬಿದ್ದುಬಿಡುತ್ತೆ.”

ಸಾಸಿವೆಗಾತ್ರದ ಕಾವಲುಗಾರ ನಿದ್ದೆಹೋದ, ಏಳುಸುತ್ತಿನ ಕೋಟೆಗೇ ಬೆಂಕಿ ಬಿತ್ತು. ಅಜ್ಜಿ ಹೇಳುತ್ತಿದ್ದ ಕಥೆಯೊಂದು ಹಾಲಕ್ಕನ ಕಣ್ಣ ಮುಂದೆ ಹಾದುಹೋಯಿತು.

“ನಾನೇನು ಕಮ್ಮಿ ಮಾಡಿದೀನಿ ಡಾಕ್ಟ್ರೇ? ತಾಯಿ ಸತ್ತ ಕೂಸು ಅಂತ ಅಡುಗೆಮನೆ ಪಕ್ಕದಲ್ಲೇ ಕಟ್ಕೊಂಡು, ಇವತ್ತಿಗೂ ಹೊತ್ತುಹೊತ್ತಿಗೆ ಬಾಟಲಿ ತುಂಬ ಹಾಲು ಕುಡಿಸ್ತೀನಿ. ಹುಲ್ಲು ಇಟ್ರೆ ಮೂತಿ ತಿರುಗಿಸುತ್ತೆ, ಪಾಪ.”

ಡಾಕ್ಟರ ಕೈ ನಿಂತಿತು. “ಬರೀ ಹಾಲಾ? ಕೊಂಬು ಮೊಳೆತ ಮೇಲೂ?”

“ನನ್ನ ಪಾಲಿಂದೂ ಅದಕ್ಕೇ.”

“ಹಾಲು ಮಾರೋಳು, ಹಾಲಿನ ವಾಸನೆ ಕಂಡ್ರೇ ಆಗಲ್ಲ ಇವಳಿಗೆ,” ಎಂದ ಗಂಡ.

“ಹಾಲಲ್ಲಿ ತಾಮ್ರ ಎಲ್ಲಿಂದ ಬರಬೇಕು ಅಕ್ಕಾ? ಕೊಟ್ಟಿಗೆಯ ದನಗಳು ಹುಲ್ಲು ತಿಂದು, ಖನಿಜದ ಇಟ್ಟಿಗೆ ನೆಕ್ಕಿ ನೆಟ್ಟಗಿವೆ. ಸೊರಗಿರೋದು ನಿಮ್ಮ ಮುದ್ದಿನ ಮಗು ಒಂದೇ.” ಡಾಕ್ಟರು ಇಂಜೆಕ್ಷನ್ ಚುಚ್ಚಿ ಎದ್ದರು. “ಸೂಜಿ ನನ್ನ ಕೆಲಸ. ಬಾಟಲಿ ಬಿಡಿಸೋದು ನಿಮ್ಮ ಕೆಲಸ. ಇವತ್ತಿಂದಲೇ.”

ಸಂಜೆ ಮಸಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿದರು. ಹುಲ್ಲು, ಇಟ್ಟಿಗೆ ಎರಡೂ ಮೂತಿಯ ಮುಂದೆಯೇ ಇದ್ದವು. ಕರು ಎರಡಕ್ಕೂ ಬೆನ್ನು ತಿರುಗಿಸಿ ಅರಚತೊಡಗಿತು. ರೂಢಿಯ ಬಲದಲ್ಲಿ ಬಾಟಲಿ ತುಂಬಿಸಿ ತಂದಿದ್ದ ಹಾಲಕ್ಕ ಹೊಸಿಲ ತನಕ ಬಂದವಳು ತಡೆದು ನಿಂತಳು. ಬಾಗಿಲೆಳೆದು, ಅದಕ್ಕೇ ಬೆನ್ನು ಕೊಟ್ಟು ಹೊರಗೆ ಕೂತಳು.

“ಒಂದೇ ಒಂದು ಗುಟುಕು ಕೊಟ್ಬಿಡೇ,” ಎಂದ ಗಂಡ. “ಕೇಳೋಕಾಗ್ತಿಲ್ಲ.”

“ಕಿವಿಗೆ ಹತ್ತಿ ಇಟ್ಕೊಳ್ರೀ.”

ಕೂಗು ಏರಿತು. ಬಾಗಿಲಿಗೆ ಪುಟ್ಟ ತಲೆಯೊಂದು ಗುದ್ದಿದ್ದು ಬೆನ್ನಿಗೇ ತಾಕಿತು. ಹಗ್ಗ ಬಿಚ್ಚಿಕೊಂಡಿತ್ತು ಕಳ್ಳ ಕರು. ಅವಳ ಕೈ ತಾನಾಗಿಯೇ ಬಾಟಲಿಯನ್ನೆತ್ತಿತು. ಒಂದು ಕ್ಷಣ ಹಾಗೇ ಹಿಡಿದುಕೊಂಡಿದ್ದವಳು ಅದರ ರಬ್ಬರ್ ತೊಟ್ಟನ್ನು ಕಿತ್ತು ಅಂಗಳಕ್ಕೆಸೆದಳು. ಆಮೇಲೆ ಮೂಗು ಹಿಡಿದು, ನೀರಿಳಿಯುತ್ತಿದ್ದ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ, ಅಷ್ಟೂ ಹಾಲನ್ನು ತಾನೇ ಗಟಗಟನೆ ಕುಡಿದಳು.