ಹನ್ನೆರಡನೆಯ ಕಪ್ಪು

ಕ್ಯಾಸಿನೋದ ರೂಲೆಟ್ ಚಕ್ರದಲ್ಲಿ ಸತತ ಹನ್ನೊಂದನೆಯ ಸಲವೂ ಗೋಲಿ ಕಪ್ಪು ಮನೆಗೇ ಬಿತ್ತು. ಒಟ್ಮಾರ್ ಸೀಗೆನ್‌ಹಾಗನ್ ಮೇಷ್ಟ್ರು ಕೆಂಪಿನ ಮೇಲೆ ಇಟ್ಟಿದ್ದ ಆರುನೂರ ನಲವತ್ತು ಯೂರೋ ಬಿಲ್ಲೆಗಳನ್ನು ಚಕ್ರ ತಿರುಗಿಸುವ ಹೆಂಗಸು ತನ್ನ ಉದ್ದನೆಯ ಕೋಲಿನಿಂದ ಎಳೆದುಕೊಂಡಳು. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೀಟು ಎಳೆದು, ಜೇಬಿನಲ್ಲಿ ಉಳಿದಿದ್ದುದನ್ನೆಲ್ಲ ತೆಗೆದು, ಸಾವಿರದ ಇನ್ನೂರ ಎಂಬತ್ತನ್ನು ಕೆಂಪಿನ ಮೇಲೆ ದೂಡಿದರು. ನಾರ್ವೆಗೆ ಹಡಗಿನಲ್ಲಿ ಹೋಗಿಬರಬೇಕೆಂದು ಹೆಂಡತಿ ಹೆಡ್ಡಾ ಆರು ವರ್ಷದಿಂದ ಕೂಡಿಟ್ಟ ಹಣ ಅದು.

"ಈ ಮೇಜಿಗೆ ಸಾವಿರವೇ ಮಿತಿ, ಸರ್," ಎಂದಳು ಚಕ್ರದ ಹೆಂಗಸು. ಅಲ್ಲೇ ಮೇಜಿನ ತುದಿಯಲ್ಲಿ ಹಿತ್ತಾಳೆಯ ಫಲಕವಿತ್ತು. ಹತ್ತೊಂಬತ್ತು ದಿನದಿಂದ ಅದು ಮೇಷ್ಟ್ರ ಕಣ್ಣೆದುರಿಗೇ ಇತ್ತು. ಲೆಕ್ಕವನ್ನೆಲ್ಲ ಮನೆಯಲ್ಲೇ ಮುಗಿಸಿಕೊಂಡು ಬಂದವರಿಗೆ ಅದನ್ನು ಓದುವ ಅಗತ್ಯ ಕಂಡಿರಲಿಲ್ಲ.

"ಹನ್ನೊಂದು ಸಲ ಕಪ್ಪು ಬಂದಿದೆ. ಮುಂದಿನದು ಕೆಂಪು ಬರ್ಲೇಬೇಕು," ಎಂದರು ಮೇಷ್ಟ್ರು, ತುಸು ಜೋರಾಗಿಯೇ.

"ಬರುತ್ತೆ ಬರುತ್ತೆ," ಎಂದಳು ಪಕ್ಕದ ಮುದುಕಿ, ತನ್ನ ನೋಟ್‌ಬುಕ್ಕಿನಿಂದ ತಲೆಯೆತ್ತದೆ. "ನಾನೂ ನಲವತ್ತು ವರ್ಷದಿಂದ ಅದನ್ನೇ ಹೇಳ್ಕೊಂಡು ಬಂದಿದ್ದೀನಿ."

ಮೇಷ್ಟ್ರಿಗೆ ಕಿವಿಯವರೆಗೂ ಬಿಸಿಯಾಯಿತು. ಮುದುಕಿಯ ಮಾತಿಗಲ್ಲ. ಚಕ್ರದ ಹಿಂದೆ ನಿಂತಿದ್ದವಳು ಫ್ರೌಕೆ ಡಿಲ್‌ಮನ್. ಮೂವತ್ತು ವರ್ಷದ ಕೆಳಗೆ ಅವರ ಗಣಿತದ ತರಗತಿಯಲ್ಲಿ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ. ನಾಣ್ಯ ಚಿಮ್ಮಿದಾಗ ನಾಲ್ಕು ಸಲ ರಾಜನ ತಲೆಯೇ ಬಿದ್ದರೆ ಐದನೆಯ ಸಲ ಏನು ಬೀಳಬಹುದು ಎಂಬ ಪ್ರಶ್ನೆಗೆ, ಈಗ ಇನ್ನೊಂದು ಮಗ್ಗುಲಿನ ಸರದಿ ಎಂದು ಬರೆದಿದ್ದಳು. ಮೇಷ್ಟ್ರು ಸೊನ್ನೆ ಕೊಟ್ಟಿದ್ದರು. ಅಷ್ಟಕ್ಕೇ ಬಿಡದೆ, ಅವಳನ್ನು ಎದ್ದು ನಿಲ್ಲಿಸಿ, "ನಾಣ್ಯಕ್ಕೆ ನೆನಪಿಲ್ಲ" ಎಂದು ಹತ್ತು ಸಲ ಹೇಳಿಸಿದ್ದರು. ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

ನಿವೃತ್ತಿಯಾದ ಮೇಲೆ ಆ ವಾಕ್ಯ ಅವರಿಗೇ ಮರೆತುಹೋಗಿತ್ತೆಂದಲ್ಲ. ಆದರೆ ಕ್ಯಾಸಿನೋದವರು ದಿನದಿನ ಬಿದ್ದ ಅಂಕೆಗಳನ್ನು ಅಚ್ಚು ಹಾಕಿ ಮಾರುವ ಹಾಳೆಗಳಿವೆಯಲ್ಲ, ಎರಡು ತಿಂಗಳ ಅಂಥ ಹಾಳೆಗಳನ್ನು ತಂದು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಎಲ್ಲೂ ಕಪ್ಪು ಒಂಬತ್ತು ಸಲಕ್ಕಿಂತ ಹೆಚ್ಚು ಸತತವಾಗಿ ಬಂದಿರಲಿಲ್ಲ. ನಾಲ್ಕು ಕಪ್ಪು ಬರುವವರೆಗೆ ಕಾಯುವುದು, ಆಮೇಲೆ ಕೆಂಪಿಗೆ ಹತ್ತು ಯೂರೋ, ಸೋತರೆ ಇಪ್ಪತ್ತು, ಮತ್ತೆ ಸೋತರೆ ನಲವತ್ತು. ಹದಿನೆಂಟು ದಿನ ಅದು ಗಡಿಯಾರದ ಹಾಗೆ ನಡೆಯಿತು. ದಿನಕ್ಕೆ ಮೂವತ್ತು ನಲವತ್ತು ಬರುತ್ತಿತ್ತು, ಹೆಡ್ಡಾಗೆ ಮನೆಪಾಠದ ಹಣ ಎಂದು ಹೇಳುತ್ತಿದ್ದರು. ಆ ಹಣದಲ್ಲಿ ಕೊಡಿಸಿದ ಕೋಟು ತೊಟ್ಟು ಅವಳು ಊರೆಲ್ಲ ಗಂಡನ ವಿದ್ಯೆಯನ್ನು ಹೊಗಳಿಕೊಂಡು ಓಡಾಡುತ್ತಿದ್ದಳು.

ಇನ್ನೂರ ಎಂಬತ್ತನ್ನು ವಾಪಸು ಎಳೆದುಕೊಂಡು ಮೇಷ್ಟ್ರು ಸಾವಿರವನ್ನು ಅಲ್ಲೇ ಬಿಟ್ಟರು. ಗೋಲಿ ಸುತ್ತಿತು, ಕುಣಿಯಿತು, ಕೂತಿತು.

"ಕಪ್ಪು," ಎಂದಳು ಫ್ರೌಕೆ. ಅವಳ ದನಿ ನಡುಗಿದ್ದು ಕೇಳಿ ಮುದುಕಿಯೂ ತಲೆಯೆತ್ತಿ ನೋಡಿದಳು.

ಕ್ಯಾಸಿನೋದ ಒಳಗೆ ಕೋಟಿಲ್ಲದೆ ಯಾರನ್ನೂ ಬಿಡುವುದಿಲ್ಲ. ಮನೆಪಾಠಕ್ಕೆಂದು ಬರೀ ಸ್ವೆಟರಿನಲ್ಲಿ ಹೊರಡುತ್ತಿದ್ದ ಮೇಷ್ಟ್ರು ಬಾಗಿಲಲ್ಲಿ ಬಾಡಿಗೆಗೆ ಕೊಡುವ ಕೋಟನ್ನೇ ದಿನಾ ತೊಡುತ್ತಿದ್ದರು. ಈಗ ಬಾಗಿಲಿಗೆ ಬಂದು ಅದನ್ನು ಬಿಚ್ಚಿಕೊಡಲು ಹೋದರೆ ತೋಳಿನಿಂದ ಕೈ ಬರಲೊಲ್ಲದು. ಅಷ್ಟರಲ್ಲಿ ಫ್ರೌಕೆ ಬಿಡುವು ಕೇಳಿಕೊಂಡು ಹಿಂದೆಯೇ ಓಡಿಬಂದಳು. ಆಡುವವರನ್ನು ಗುರುತಿನವರಂತೆ ಮಾತಾಡಿಸಕೂಡದೆಂಬ ನಿಯಮದಿಂದ ಇಷ್ಟು ದಿನ ಅವಳು ಸುಮ್ಮನಿದ್ದಳು, ನಾಚಿಕೆಯಿಂದ ಇವರು ಸುಮ್ಮನಿದ್ದರು.

"ನಕ್ಕುಬಿಡು ಫ್ರೌಕೆ," ಎಂದರು ಮೇಷ್ಟ್ರು ಮುಖ ತಿರುಗಿಸಿಕೊಂಡು. "ಆವತ್ತು ನಿನ್ನ ನೋಡಿ ಎಲ್ರೂ ನಗೋ ಹಾಗೆ ಮಾಡಿದ್ದೆ. ಇವತ್ತು ನಿನ್ನ ಸರದಿ."

ಅವಳು ನಗಲಿಲ್ಲ. ಅವಳ ಕೈಯಲ್ಲಿ ಫೋನಿತ್ತು, ಮತ್ತೆ ಮತ್ತೆ ಅದೇ ನಂಬರು ಒತ್ತುತ್ತಿದ್ದಳು.

"ನನ್ನ ಗಂಡ ನದಿಯಾಚೆ ಊರಿನ ಕ್ಯಾಸಿನೋದಲ್ಲಿ ಕೂತಿದ್ದಾನೆ ಮೇಷ್ಟ್ರೇ. ನೀವು ಹೇಗೆ ಆಡ್ತೀರಿ ಅಂತ ದಿನಾ ನೋಡಿ, ಒಂದು ಚೀಟೀಲಿ ನಾನೇ ಬರ್ಕೊಟ್ಟೆ. ಎರಡು ವಾರ ಗೆದ್ದ. ಅದಕ್ಕೇ ಇವತ್ತು ಮನೆ ಕಟ್ಟೋಕಿಟ್ಟ ದುಡ್ಡು ಎತ್ಕೊಂಡು ಹೋಗಿದ್ದಾನೆ. ಈಗ ಫೋನ್ ಎತ್ತುತ್ತಿಲ್ಲ."

ಮೇಷ್ಟ್ರ ಒಂದು ತೋಳು ಇನ್ನೂ ಕೋಟಿನಲ್ಲೇ ಇತ್ತು. "ನೀನು? ನೀನು ದಿನಾ ಇಲ್ಲಿ ನಿಂತು ನೋಡೋಳು! ಇದು ನಡೆಯೋದಲ್ಲ ಅಂತ ನಿಂಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು. ಹದಿನೆಂಟು ವರ್ಷದಿಂದ ಇದೇ ಚಕ್ರ ತಿರುಗಿಸ್ತಿದ್ದೀನಿ. ನೋಟ್‌ಬುಕ್ ಹಿಡ್ಕೊಂಡು ಬಂದೋರೆಲ್ಲ ಬರಿಗೈಲಿ ಹೋಗಿದ್ದನ್ನೇ ನೋಡಿದ್ದು." ಫ್ರೌಕೆ ಫೋನನ್ನು ಕಿವಿಗೆ ಒತ್ತಿಕೊಂಡಳು. "ಆದ್ರೆ ನೀವೇ ಬಂದು ಕೂತ್ರಲ್ಲ ಮೇಷ್ಟ್ರೇ. ಇದ್ರಲ್ಲೂ ನನಗೇ ಏನೋ ಅರ್ಥವಾಗಿಲ್ಲ, ಆವತ್ತಿನ ಹಾಗೇ, ಅಂದ್ಕೊಂಡೆ."