ಟಣ್ ಅನ್ನಬೇಕಾದ ಪಾಕ

“ನಮ್ಮ ಕಂಬಂನಾಗೆ ಇಷ್ಟೊತ್ತಿಗೆ ಪಾಕ ಇಳಿಸಿ, ಉಂಡೆ ಕಟ್ಟಿ, ಕೈ ತೊಳ್ಕೊಂಡಿರ್ತೀವಿ ಸಮ್ಮಂದಿ!” ಎಂದರು ಪೇಚ್ಚಿಯಮ್ಮಾಳ್. ಸೊಸೆ ಸತ್ಯಾಳ ಏಳನೇ ತಿಂಗಳ ಬಳೆ ಶಾಸ್ತ್ರಕ್ಕೆ ಕರೆಯಲು ತೇನಿಗೆ, ಅವಳ ತವರಿಗೆ ಬಂದವರು, ತವರಿನಿಂದ ಮಗಳ ಜೊತೆ ಕಳಿಸುವ ಸೀರಿನ ತಿಂಡಿ ಒಲೆಯ ಮೇಲಿದೆ ಎಂದು ತಿಳಿದದ್ದೇ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಸಿಕೊಂಡು ಕೂತುಬಿಟ್ಟಿದ್ದರು.

“ಅವಸರದ ಪಾಕ ಬೇಕಂದ್ರೆ ಬಸ್ ಸ್ಟ್ಯಾಂಡ್ ಹತ್ರ ಅಂಗಡಿ ಐತೆ ಸಮ್ಮಂದಿ!” ಎಂದರು ಸತ್ಯಾಳ ತಾಯಿ ಪಿಚ್ಚೈಯಮ್ಮಾಳ್. ಬೀಗಿತ್ತಿಯರಿಬ್ಬರೂ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಕೂಗಿದ ಹಾಗೆ ಮಾತಾಡುತ್ತಿದ್ದರು. ನಡುವೆ ಕೂತಿದ್ದ ಈ ಮನೆಯ ಸೊಸೆ ಅಮುದಾ, ಪ್ರೀತಿ ಜಾಸ್ತಿಯಾದರೆ ಹೀಗೇ ಇರಬೇಕು ಎಂದುಕೊಂಡಳು.

ಒಲೆಯ ಮೇಲಿದ್ದದ್ದು ಪೊರುಳ್‌ವಿಳಂಗಾ ಉಂಡೆಗೆ ಬೆಲ್ಲದ ಪಾಕ. ಹುರಿದ ಅಕ್ಕಿ, ಹೆಸರುಬೇಳೆಯ ಹಿಟ್ಟಿಗೆ ಅದನ್ನು ಸುರಿದು, ಕೈ ಸುಡುತ್ತಿರುವಾಗಲೇ ಕಟ್ಟಬೇಕು. ಆರಿದ ಮೇಲೆ ಹಲ್ಲಿನ ಪಾಡು ಹಲ್ಲಿಗೆ. ಪಾಕದ ಹನಿಯನ್ನು ನೀರಿಗೆ ಬಿಟ್ಟು, ಗೋಲಿ ಮಾಡಿ, ಹಿತ್ತಾಳೆ ತಟ್ಟೆಗೆ ಎಸೆದರೆ ‘ಟಣ್’ ಅನ್ನಬೇಕು. ಅಂದ ಕೂಡಲೇ ಇಳಿಸಬೇಕು. ಕೊಂಚ ತಡವಾದರೂ ಬೆಲ್ಲ ಸೀದು ಕಹಿ. ಜೊತೆಗೆ ಈ ಮನೆಯದೊಂದು ಕಟ್ಟಳೆ: ಮಗಳ ಸೀರಿನ ಪಾಕಕ್ಕೆ ‘ಇಳಿಸು’ ಎನ್ನುವ ಮಾತು ಹೆತ್ತವಳ ಬಾಯಿಂದಲೇ ಬರಬೇಕು. ಬೇರೆ ಯಾರು ಅಂದರೂ ಅಪಶಕುನ.

ಪಿಚ್ಚೈಯಮ್ಮಾಳ್ ಗೋಲಿ ಎಸೆದರು. ಟಣ್! ಅಮುದಾ ಮಸಿಬಟ್ಟೆ ಹಿಡಿದು ಎದ್ದಳು.

ಅತ್ತೆ ತಲೆ ವಾಲಿಸಿ ಕಾದರು. “ಇನ್ನಾ ಆಗ್ಲಿಲ್ಲ. ಕೂತ್ಕೋ.”

ಅತ್ತೆಯ ಕಿವಿ ಮಂದವಾಗಿರುವುದು ಟಿ.ವಿ. ಹಾಕಿದಾಗಲೆಲ್ಲ ಇಡೀ ಬೀದಿಗೆ ತಿಳಿಯುತ್ತಿತ್ತು, ಅತ್ತೆಯೊಬ್ಬರನ್ನು ಬಿಟ್ಟು. ‘ನನ್ನ ಕಿವಿಗೇನಾಗೈತೆ, ನೀವೆಲ್ಲ ಬಾಯೊಳಗೆ ಮಾತಾಡ್ತೀರಿ’ ಎನ್ನುತ್ತಿದ್ದರು. ಈಗ ‘ಟಣ್ ಅಂತು’ ಎಂದರೆ ಬೀಗಿತ್ತಿಯ ಎದುರೇ ಅವರ ಮಾನ ಹೋಗುತ್ತದೆ. ಸುಮ್ಮನಿದ್ದರೆ ಸತ್ಯಾಳ ಸೀರು ಕಹಿಯಾಗುತ್ತದೆ.

“ಕಂಬಂ ಅತ್ತೇ, ನಿಮಗೇನಾದ್ರೂ ಕೇಳಿಸ್ತಾ?” ಎಂದು ಆಸೆಯಿಂದ ಕೂಗಿ ಕೇಳಿದಳು.

“ಕೇಳಿಸಿದ್ರೆ ಸುಮ್ನಿರೋ ಹೆಂಗಸಾ ನಾನು? ನಮ್ಮನೇಲಿ ಟಣ್ ಅಂದ್ರೆ ಬೀದಿ ಕೊನೇಗೆ ಕೇಳ್ಬೇಕು!”

ಪಿಚ್ಚೈಯಮ್ಮಾಳ್ ಮತ್ತೊಂದು ಗೋಲಿ ಬೀಸಿದರು. ಹಿತ್ತಿಲ ಗೋಡೆಯ ಮೇಲಿದ್ದ ಕಾಗೆ ಬೆದರಿ ಹಾರಿತು. ಪೇಚ್ಚಿಯಮ್ಮಾಳ್ ಹಾರಿದ ಕಾಗೆಯನ್ನು ನೋಡಿದರೇ ಹೊರತು ತಟ್ಟೆಯ ಕಡೆ ತಿರುಗಲಿಲ್ಲ. ಅಮುದಾಗೆ ಆಗ ಅರ್ಥವಾಯಿತು. ಕಿವುಡು ಒಂದಲ್ಲ, ಎರಡು!

ಬಾಣಲೆಯ ಅಂಚಿನಲ್ಲಿ ಬೆಲ್ಲ ಕಪ್ಪೇರತೊಡಗಿತು. ಅಮುದಾ ಉರಿ ತಗ್ಗಿಸಿ, ತಟ್ಟೆಯನ್ನೆತ್ತಿ ಅತ್ತೆಯ ಕೈಗೇ ಕೊಟ್ಟಳು.

“ನೆಲ ಏರುತಗ್ಗು ಅತ್ತೆ, ತಟ್ಟೆ ಅಲ್ಲಾಡ್ತೈತೆ. ನೀವು ಬೆರಳ ಮೇಲೆ ಇಟ್ಕೊಳ್ಳಿ. ನಾ ಎಸಿತೀನಿ.”

ಎಸೆದಳು. ಪಿಚ್ಚೈಯಮ್ಮಾಳ್ ಬೆಚ್ಚಿಬಿದ್ದರು. ತಟ್ಟೆಯ ನಡುಕ ಬೆರಳಿನಿಂದ ಮೊಣಕೈವರೆಗೆ ಏರಿತ್ತು. ಅವರು ತಟ್ಟೆ ನೋಡಿದರು, ಆಮೇಲೆ ಸೊಸೆಯ ಮುಖ ನೋಡಿದರು. ಸೊಸೆ ತುಂಬಾ ಶ್ರದ್ಧೆಯಿಂದ ಒಲೆ ನೋಡುತ್ತಿದ್ದಳು.

“ಇಳ್ಸೇ! ಟಣ್ ಅಂದಿದ್ದು ಕೇಳ್ಲಿಲ್ವಾ? ಏನ್ ಕಿವಿಯೋ ನಿನ್ದು!”

“ಕೇಳ್ಲಿಲ್ಲ ಅತ್ತೆ,” ಎಂದಳು ಅಮುದಾ, ಬಾಣಲೆ ಇಳಿಸುತ್ತಾ.

ಮೂವರೂ ಕೈಗೆ ಅಕ್ಕಿಹಿಟ್ಟು ಸವರಿಕೊಂಡು, ಉಸ್ಸೆಂದು ಊದುತ್ತಾ ಉಂಡೆ ಕಟ್ಟಿದರು. ಚೂರೂ ಕಹಿಯಿರಲಿಲ್ಲ. ಅರ್ಧ ಹಿಟ್ಟು ಇನ್ನೂ ಉಳಿದಿತ್ತು. ಎರಡನೇ ಪಾಕ ಒಲೆಗೇರಿತು.

“ನಾನೂ ‘ಇಳಿಸಿ’ ಅನ್ನೋಕೆ ಬಾಯಿ ತೆಗೆದಿದ್ದೆ ಸಮ್ಮಂದಿ, ಅಷ್ಟರಲ್ಲಿ ನೀವೇ ಅಂದ್ರಿ!” ಎಂದರು ಪೇಚ್ಚಿಯಮ್ಮಾಳ್. “ನಮ್ಮ ವಂಶದೋರ ಕಿವೀನೇ ಹಂಗೆ. ಇರುವೆ ಕೆಮ್ಮಿದ್ರೂ ಗೊತ್ತಾಗುತ್ತೆ!”

“ನಮಗೆ ಅದು ಕೆಮ್ಮೋಕೆ ಮುಂಚೇನೇ ಗೊತ್ತಾಗುತ್ತೆ!” ಎಂದರು ಪಿಚ್ಚೈಯಮ್ಮಾಳ್.

ಪಾಕ ನೊರೆಯೆದ್ದಿತು. ಪಿಚ್ಚೈಯಮ್ಮಾಳ್ ಯಾರೂ ಹೇಳದೆಯೇ ತಟ್ಟೆಯನ್ನು ಬೆರಳ ಮೇಲೆ ಇಟ್ಟುಕೊಂಡರು. ಅಮುದಾ ಗೋಲಿ ಹಿಡಿದು ಕೈಯೆತ್ತಿದಳು. ಪೇಚ್ಚಿಯಮ್ಮಾಳ್ ಮಣೆಯನ್ನು ಸರ್ರನೆ ಮುಂದಕ್ಕೆಳೆದುಕೊಂಡು, ಕಿಟಕಿಯಾಚೆ ಏನೋ ನೋಡುತ್ತಿರುವವರ ಹಾಗೆ ಮುಖ ತಿರುಗಿಸಿ, ತಟ್ಟೆಯ ಇನ್ನೊಂದು ಅಂಚಿನ ಕೆಳಗೆ ಮೆಲ್ಲಗೆ ತಮ್ಮ ಬೆರಳನ್ನೂ ತೂರಿಸಿದರು.